ಗೈಡ್ ಇದ್ದಾನೆ, ಪುರುಸೊತ್ತಿಲ್ಲ

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಹಿಮಾಲಯದ ಎತ್ತರದಲ್ಲಿ ಜೀವ ಕಳೆದುಕೊಳ್ಳುವ ಕನ್ನಡಿಗರ ಸಂಖ್ಯೆ ಏರುವ ಲಕ್ಷಣಗಳು ಕಾಣುತ್ತಿವೆ. ಈಚಿನ ಅಪಘಾತಗಳು, ಹಿಮದ ಬಗ್ಗೆ ನಡೆದಿರುವ ಅಧ್ಯಯನಗಳು, ತೆಳು ಗಾಳಿಯಲ್ಲಿ ಮನುಷ್ಯನ ದೇಹ ನಡೆದುಕೊಳ್ಳುವ ಬಗೆ, ಈ ಮೂರನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ. ಈಗ ಸಾಗಿರುವ ಹಾಗೆಯೇ ಎಲ್ಲವೂ ಸಾಗಿದರೆ ಈ ಮಾತು ನಿಜವಾಗುತ್ತದೆ. ಅದು ಸುಳ್ಳಾಗಲಿ ಎಂದೇ ಈ ಬರಹ.

2024ರ ಮೇ 29ರಂದು, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡವೊಂದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲ್ ಸರೋವರಗಳ ಕಡೆಗೆ ಹೊರಟಿತು. ನಾಲ್ಕೂವರೆ ಸಾವಿರ ಮೀಟರ್ ಆಸುಪಾಸಿನ ಜಾಗ ಅದು. ಜೊತೆಯಲ್ಲಿ ಸ್ಥಳೀಯ ಗೈಡ್‌ಗಳಿದ್ದರು. ಜೂನ್ 3ರ ಮಧ್ಯಾಹ್ನ, ಸರೋವರ ಮುಟ್ಟಿ ಹಿಂದಿರುಗುವ ಹೊತ್ತಿಗೆ ಹಿಮಗಾಳಿ ಎದ್ದಿತು. ಮುಂದಿನ ಹೆಜ್ಜೆಯೇ ಕಾಣದಾಯಿತು. ಕ್ಯಾಂಪ್ ತಲುಪಲಾಗದೆ ಬಯಲಲ್ಲೇ ರಾತ್ರಿ ಕಳೆಯಬೇಕಾಯಿತು. ಕೆಳಗಿನವರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಉತ್ತರಾಖಂಡದ ವಿಪತ್ತು ಪರಿಹಾರ ಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ಹೊರಟವು; ಕರ್ನಾಟಕದಿಂದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಧಾವಿಸಿದರು. 13 ಮಂದಿ ಬದುಕಿ ಬಂದರು. ಒಂಬತ್ತು ಮಂದಿ ಬರಲಿಲ್ಲ.

ಅದಕ್ಕೆ ಇಪ್ಪತ್ತು ತಿಂಗಳು ಮುಂಚೆ, 2022ರ ಅಕ್ಟೋಬರ್ 4ರ ಬೆಳಿಗ್ಗೆ, ಅದೇ ಜಿಲ್ಲೆಯ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ಇನ್ನೂ ದೊಡ್ಡ ದುರಂತ ನಡೆದಿತ್ತು. 5,670 ಮೀಟರ್ ಎತ್ತರದ ಈ ಶಿಖರ, 1965ರಲ್ಲಿ ಆರಂಭವಾದ ನೆಹರೂ ಪರ್ವತಾರೋಹಣ ಸಂಸ್ಥೆಗೆ ಪರಿಚಿತ ಜಾಗ; ತನ್ನ ಶಿಕ್ಷಣಾರ್ಥಿಗಳನ್ನು ಅದು ಕರೆದೊಯ್ಯುತ್ತಿದ್ದದ್ದೇ ಅಲ್ಲಿಗೆ. ತುದಿ ಇನ್ನೇನು ಹತ್ತಿರವಾಯಿತು ಎನ್ನುವಾಗ ಕಡಿದಾದ ಇಳಿಜಾರಿನ ಹಿಮ ಒಮ್ಮೆಲೇ ಜಾರಿತು. ಹತ್ತುತ್ತಿದ್ದವರನ್ನು ಕೆಳಗಿನ ಹಿಮಬಿರುಕಿಗೆ ನೂಕಿತು. 29 ಮಂದಿ ಸತ್ತರು. ಅವರಲ್ಲಿ ಕರ್ನಾಟಕದ ತರುಣರಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ತರಬೇತುದಾರರಾದ ಸವಿತಾ ಕನ್ಸ್ವಾಲ್ ಕೂಡ ಇದ್ದರು.

ಮೊದಲನೆಯದು ಪ್ರವಾಸಿಗಳ ಚಾರಣ, ಎರಡನೆಯದು ದೇಶದ ಹೆಸರಾಂತ ಸಂಸ್ಥೆಯ ತರಬೇತಿ. ಎರಡರಲ್ಲೂ ದಾರಿ ಬಲ್ಲವರು ಮುಂದಿದ್ದರು. ಹಾಗಿದ್ದೂ ಮನೆಯಲ್ಲಿ ಅಪ್ಪ ಅಮ್ಮ ಆತಂಕಪಟ್ಟರೆ ಮಕ್ಕಳು ಕೊಡುವ ಉತ್ತರ ಇಂದಿಗೂ ಒಂದೇ: "ಗೈಡ್ ಇರ್ತಾರಲ್ಲ." ಈ ಉತ್ತರ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿಂದಾಚೆ ನಿಲ್ಲುವುದಿಲ್ಲ ಎಂದು ನೋಡಬೇಕಾಗಿದೆ. ಎತ್ತರದ ಪರ್ವತ ಮನುಷ್ಯನಿಂದ ಮುಖ್ಯವಾಗಿ ಕೇಳುವುದು ದಿನಗಳನ್ನು. ರಕ್ತ ಆ ಗಾಳಿಗೆ ಹೊಂದಿಕೊಳ್ಳಲು ದಿನಗಳು ಬೇಕು, ಹೊಸದಾಗಿ ಬಿದ್ದ ಹಿಮ ಗಟ್ಟಿಯಾಗಲು ದಿನಗಳು ಬೇಕು, ಕೆಟ್ಟ ಹವೆ ಕಳೆಯಲಿ ಎಂದು ಡೇರೆಯಲ್ಲಿ ಸುಮ್ಮನೆ ಕಾಯಲು ದಿನಗಳು ಬೇಕು. ಹಗ್ಗ, ಡೇರೆ, ಆಮ್ಲಜನಕ, ಅಡುಗೆಯವರು ಎಲ್ಲವನ್ನೂ ಗೈಡ್ ಒದಗಿಸಬಲ್ಲ. ದಿನಗಳನ್ನು ಒದಗಿಸಲಾರ. ಅಗ್ಗದ ಪ್ಯಾಕೇಜ್ ಎಂದರೆ ಹೆಚ್ಚಿನ ಪಾಲು ಆ ದಿನಗಳನ್ನೇ ಕತ್ತರಿಸಿದ ಪ್ಯಾಕೇಜ್.

ಕೊಡಚಾದ್ರಿ ಹತ್ತಿದ ಕಾಲು

ಶಿವಮೊಗ್ಗ ಜಿಲ್ಲೆಯ ಹುಂಚದ ಸುತ್ತಿನವರಿಗೆ ಗುಡ್ಡ ಹೊಸದಲ್ಲ. ಕುಮುದ್ವತಿ ನದಿ ಹುಟ್ಟುವ ಬಿಲ್ಲೇಶ್ವರ ಬೆಟ್ಟ ಊರಿನ ಪಕ್ಕದಲ್ಲೇ ಇದೆ. ತೀರ್ಥಹಳ್ಳಿ ಸೀಮೆಯವರಿಗೆ ಕುಂದಾದ್ರಿ, ಹೊಸನಗರದವರಿಗೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಜಿಗಣೆ ಕಿತ್ತೆಸೆಯುತ್ತ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುತ್ತ ಬೆಟ್ಟ ಹತ್ತಿ ಬೆಳೆದ ಹುಡುಗ ಹುಡುಗಿಯರು ಓದು ಮುಗಿಸಿ ಬೆಂಗಳೂರು ಸೇರುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮೊಬೈಲ್‌ನಲ್ಲಿ ಹಿಮಶಿಖರದ ಜಾಹೀರಾತು ಕಾಣುತ್ತದೆ: ಅನುಭವ ಬೇಕಿಲ್ಲ, ಬೂಟು ಕ್ರಾಂಪನ್ ನಾವೇ ಕೊಡುತ್ತೇವೆ, ಗೈಡ್ ಜೊತೆಗಿರುತ್ತಾರೆ. ಮಲೆನಾಡಿನ ಕಾಲು ತಾನೇ, ಆಗುತ್ತದೆ ಎಂಬ ಧೈರ್ಯವೂ ಬರುತ್ತದೆ.

ಕಾಲಿನ ಮಟ್ಟಿಗೆ ಆ ಧೈರ್ಯ ಸರಿ. ಶ್ವಾಸದ ಲೆಕ್ಕ ಬೇರೆ. ಕೊಡಚಾದ್ರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಒತ್ತಡದ ಶೇ. 85ರಷ್ಟಿರುತ್ತದೆ, ದೇಹಕ್ಕೆ ವ್ಯತ್ಯಾಸವೇ ತಿಳಿಯದು. 3,000 ಮೀಟರ್‌ನಲ್ಲಿ ಅದು ಶೇ. 70ಕ್ಕೆ ಇಳಿಯುತ್ತದೆ. ಸಹಸ್ರತಾಲ್ ಎತ್ತರದಲ್ಲಿ ಸುಮಾರು ಶೇ. 57, ದ್ರೌಪದಿ ಕಾ ದಂಡಾ ತುದಿಯಲ್ಲಿ ಅರ್ಧಕ್ಕೂ ತುಸು ಕಡಿಮೆ. ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಇದಕ್ಕೆ ಒಗ್ಗಿಕೊಳ್ಳಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ, ರಕ್ತದ ಆಮ್ಲ ಕ್ಷಾರದ ಸಮತೋಲ ಬದಲಿಸುತ್ತದೆ, ನಿಧಾನವಾಗಿ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ಕೆಲವು ಬದಲಾವಣೆಗೆ ಗಂಟೆಗಳು ಸಾಕು, ಕೆಲವಕ್ಕೆ ದಿನಗಳು, ಇನ್ನು ಕೆಲವಕ್ಕೆ ವಾರಗಳೇ ಬೇಕು.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೊದಲ ದೊಡ್ಡ ಪುರಾವೆ ಸಿಕ್ಕಿದ್ದು ನಮ್ಮದೇ ದೇಶದಲ್ಲಿ. 1962ರ ಚೀನಾ ಯುದ್ಧದ ದಿನಗಳಲ್ಲಿ ಬಯಲಿನ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯದ ಎತ್ತರಕ್ಕೆ ಒಯ್ಯಬೇಕಾಯಿತು. ಹಾಗೆ ಹೋಗಿ ಕಾಯಿಲೆ ಬಿದ್ದ 1,925 ಯೋಧರನ್ನು ಪರೀಕ್ಷಿಸಿದ ಭಾರತೀಯ ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಆರಂಭ. ಅಲ್ಲಿಗೆ ನಿಲ್ಲದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಇಲ್ಲವೇ ಮಿದುಳು ಬಾತುಕೊಳ್ಳುತ್ತದೆ. ಮಿದುಳಿನ ಬಾವು ಒಂದು ಹಗಲು ರಾತ್ರಿಯೊಳಗೆ ಕೊಲ್ಲಬಲ್ಲದು. ಕಾಯಿಲೆ ಬಿದ್ದವರೆಲ್ಲ ಗಟ್ಟಿಮುಟ್ಟಾದ ಸೈನಿಕರೇ ಆಗಿದ್ದರು. ವ್ಯಾಯಾಮದಿಂದ ಹುರಿಗೊಂಡ ದೇಹಕ್ಕೆ ಎತ್ತರ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಗಟ್ಟಿಗರು ಬೇಗ ಹತ್ತುವುದರಿಂದ ಕೆಲವೊಮ್ಮೆ ಅವರೇ ಮೊದಲು ಬೀಳುತ್ತಾರೆ.

ಪರ್ವತ ವೈದ್ಯರು ಒಪ್ಪಿರುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಹತ್ತದೆ ನಿಲ್ಲಬೇಕು. ಈ ಸೂತ್ರವನ್ನು ಹುಂಚದಿಂದ ಹೊರಟವರೊಬ್ಬರ ರಜೆಗೆ ಹೊಂದಿಸಿ ನೋಡೋಣ. 3,000 ಮೀಟರ್‌ನಿಂದ 5,000 ಮೀಟರ್‌ನ ಕೊನೆಯ ಕ್ಯಾಂಪಿಗೆ ನಾಲ್ಕು ದಿನ, ನಡುವೆ ವಿರಾಮ ಒಂದು ದಿನ, ಶಿಖರ ಏರಿ ಇಳಿಯಲು ಎರಡು ಮೂರು ದಿನ, ಹವೆ ಕೆಟ್ಟರೆ ಕಾಯಲು ಎರಡು ದಿನ. ಊರಿನಿಂದ ಬೆಂಗಳೂರು, ಅಲ್ಲಿಂದ ಡೆಹ್ರಾಡೂನ್, ಅಲ್ಲಿಂದ ಜೀಪಿನಲ್ಲಿ ಕೊನೆಯ ಹಳ್ಳಿಗೆ ಹೋಗಿ ಬರಲು ಐದಾರು ದಿನ. ಎಲ್ಲ ಕೂಡಿದರೆ ಹದಿನೈದರ ಆಸುಪಾಸಾಗುತ್ತದೆ. ಕಂಪನಿ ಕೊಡುವ ಒಂದು ವಾರದ ರಜೆಗೆ ಎರಡು ವಾರಾಂತ್ಯ ಸೇರಿಸಿದರೆ ಒಂಬತ್ತು. ಈ ಕೊರತೆ ತುಂಬಲು ಪ್ರಯಾಣವನ್ನು ಕತ್ತರಿಸಲಾಗದು, ಶಿಖರವನ್ನೂ ಕತ್ತರಿಸಲಾಗದು. ಕತ್ತರಿ ಬೀಳುವುದು ವಿರಾಮದ ದಿನಕ್ಕೆ, ಕಾಯುವ ದಿನಕ್ಕೆ.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳುವುದನ್ನು ಸ್ವಲ್ಪ ಚುರುಕುಗೊಳಿಸುತ್ತದೆ, ನಿಜ. ವೈದ್ಯರನ್ನು ಕೇಳಿ ತೆಗೆದುಕೊಂಡರೆ ಅನುಕೂಲವೇ. ಆದರೆ ಒಂಬತ್ತು ದಿನಗಳನ್ನು ಹದಿನೈದಾಗಿಸುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಅಂಕಿ ಚೆನ್ನಾಗಿದ್ದ ಮಾತ್ರಕ್ಕೆ ತಲೆನೋವನ್ನು ಕಡೆಗಣಿಸುವಂತೆಯೂ ಇಲ್ಲ.

ಚಳಿಯದು ಇನ್ನೊಂದು ಲೆಕ್ಕ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ನಾಲ್ಕು ಸಾವಿರ ಮೀಟರ್ ಏರಿದರೆ 26 ಡಿಗ್ರಿ. ಅದಕ್ಕೆ ಗಾಳಿ ಸೇರಿದರೆ ಮೈನಸ್ 5 ಡಿಗ್ರಿಯ ಹವೆ, ಗಂಟೆಗೆ 50 ಕಿ.ಮೀ. ಬೀಸುವಾಗ ಬಯಲಾದ ಚರ್ಮಕ್ಕೆ ಮೈನಸ್ 15ರಂತೆ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ ಮೈ ತಣ್ಣಗಾಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಾಗ ಮೊದಲು ಕೈಕೊಡುವುದು ವಿವೇಚನೆ: ಕೈಚೀಲದಲ್ಲಿರುವ ಒಣ ಬಟ್ಟೆ ಹಾಕಿಕೊಳ್ಳಬೇಕೆಂಬುದೇ ಹೊಳೆಯುವುದಿಲ್ಲ. ಇನ್ನೂ ಇಳಿದರೆ ನಡುಕ ನಿಲ್ಲುತ್ತದೆ. ನಡುಕ ನಿಂತಿತು ಎಂದು ಸಮಾಧಾನಪಡುವ ಹೊತ್ತಿಗೆ ಸಾವು ಸಮೀಪಿಸಿರುತ್ತದೆ.

ಜಾರುವ ಹೊದಿಕೆ

ಹಿಮಕುಸಿತ ಆಕಾಶದಿಂದ ಎರಗುವ ಆಪತ್ತು ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ವಿಹಾರಕ್ಕೆ, ಸಾಹಸಕ್ಕೆ ಹಿಮಕ್ಕೆ ಹೋದವರನ್ನು ಕೊಂದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಬಿಡಿಸಿದ್ದು ಸತ್ತವರ ಅಥವಾ ಅವರ ತಂಡದವರ ಹೆಜ್ಜೆಯೇ ಎನ್ನುತ್ತವೆ ಅಧ್ಯಯನಗಳು. ಹಿಮ ಪದರ ಪದರವಾಗಿ ಬೀಳುತ್ತದೆ. ಒಂದು ಪದರದ ಹರಳುಗಳು ಇನ್ನೊಂದರೊಂದಿಗೆ ಬೆಸೆದುಕೊಳ್ಳದಿದ್ದರೆ ನಡುವೆ ಸಕ್ಕರೆಯಂತೆ ಸಡಿಲವಾದ ಪದರ ಉಳಿಯುತ್ತದೆ. ಗಾಳಿ ತಂದು ಸುರಿದ ಗಟ್ಟಿ ಹಿಮ ಅದರ ಮೇಲೆ ಕೂತಿದ್ದರೆ ನಾಲ್ಕಾರು ಜನರ ತೂಕ ಸಾಕು. ಬಿರುಕು ಕ್ಷಣಾರ್ಧದಲ್ಲಿ ಅಗಲಕ್ಕೂ ಓಡಿ ಇಡೀ ಹಾಸು ಕಳಚಿಕೊಳ್ಳುತ್ತದೆ. ಇಂಥವು ಹೆಚ್ಚಾಗಿ ನಡೆಯುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಆರೋಹಿಗಳು ದಾರಿ ಹುಡುಕುವುದೂ ಇಂಥ ಇಳಿಜಾರಿನಲ್ಲೇ.

ಹೂತುಹೋದವರನ್ನು ಹೊರತೆಗೆಯಲು ಎಷ್ಟು ಹೊತ್ತಿರುತ್ತದೆ? ಸ್ವಿಟ್ಜರ್ಲೆಂಡ್‌ನ 1981ರಿಂದ 2020ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಉಳಿಯುವವರು ಮೂವರಲ್ಲಿ ಒಬ್ಬರು. ಕೆಳಗಿನ ಊರಿನಿಂದ ಹೆಲಿಕಾಪ್ಟರ್ ಬರುವುದು ಗಂಟೆಗಳ ಮಾತು. ಆದ್ದರಿಂದ ಹಿಮದಲ್ಲಿ ಹೂತವರನ್ನು ಉಳಿಸುವವರು ಪಕ್ಕದಲ್ಲಿ ನಿಂತಿರುವ ಸಹಚಾರಣಿಗರು ಮಾತ್ರ. ಅವರ ಬಳಿ ಸಲಿಕೆ, ಹಿಮ ಕೆದಕುವ ಸರಳು, ಹೂತವರ ಜಾಗ ತೋರಿಸುವ ಸಂಕೇತಯಂತ್ರ ಇರಬೇಕು, ಅವನ್ನು ಬಳಸಿ ಅಭ್ಯಾಸವಿರಬೇಕು. ಶುಲ್ಕದ ಪಟ್ಟಿಯಲ್ಲಿ ಇವು ಇವೆಯೇ ಎಂದು ಕೇಳುವವರು ಕಡಿಮೆ.

ಹಳೆಯ ಪಂಚಾಂಗ

ಹಿಂದೆಯೂ ಹಿಮ ಕುಸಿಯುತ್ತಿತ್ತು. ಈಗ ಹೆಚ್ಚು ಎಚ್ಚರಿಸಬೇಕಾಗಿರುವುದಕ್ಕೆ ಕಾರಣ ಪರ್ವತದ ವರ್ತನೆಯೇ ಬದಲಾಗುತ್ತಿರುವುದು. ಹಿಮಾಚಲದ ಇಳಿಜಾರಿನ ಮರಗಳ ಬೆಳವಣಿಗೆಯ ಉಂಗುರಗಳಲ್ಲಿ ಹಿಮಕುಸಿತದ ಗಾಯಗಳನ್ನು ಎಣಿಸಿ, ಒಂದೂವರೆ ಶತಮಾನದ ಇತಿಹಾಸ ಕಟ್ಟಿದ ಸಂಶೋಧನೆ 2018ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದಿತು. ತಾಪ ಏರಿದಂತೆ ಪಶ್ಚಿಮ ಹಿಮಾಲಯದಲ್ಲಿ ಹಿಮಕುಸಿತ ಹೆಚ್ಚಿದೆ, ಚಳಿಗಾಲದ ಕೊನೆಗೆ ಹಿಮ ಒದ್ದೆಯಾಗಿ ಜಾರುವುದು ಇದಕ್ಕೆ ಮುಖ್ಯ ಕಾರಣ ಎಂಬುದು ಅದರ ತೀರ್ಮಾನ. ಕಠ್ಮಂಡುವಿನ ಇಸಿಮೋಡ್ ಸಂಸ್ಥೆಯ 2023ರ ವರದಿ, 2011ರಿಂದ 2020ರ ನಡುವೆ ಹಿಂದೂಕುಷ್ ಹಿಮಾಲಯದ ಹಿಮನದಿಗಳು ಹಿಂದಿನ ದಶಕಕ್ಕಿಂತ ಶೇ. 65ರಷ್ಟು ಹೆಚ್ಚು ವೇಗದಲ್ಲಿ ಕರಗಿವೆ ಎನ್ನುತ್ತದೆ. ಎವರೆಸ್ಟ್‌ನ ಸೌತ್ ಕೋಲ್ ಹಿಮನದಿಯಲ್ಲಿ, ಎರಡು ಸಾವಿರ ವರ್ಷಗಳಲ್ಲಿ ಕೂಡಿದ್ದ ಸುಮಾರು 55 ಮೀಟರ್ ದಪ್ಪದ ಮಂಜುಗಡ್ಡೆ ಕಾಲು ಶತಮಾನದಲ್ಲಿ ಕರಗಿಹೋಗಿದೆ.

ಮಂಜುಗಡ್ಡೆ ಬಂಡೆಗಳನ್ನು ಹಿಡಿದಿಡುವ ಗಾರೆಯೂ ಹೌದು. ಅದು ಸಡಿಲವಾದರೆ ಬೆಟ್ಟವೇ ಕಳಚುತ್ತದೆ. 2021ರ ಫೆಬ್ರವರಿ 7ರಂದು ಚಮೋಲಿ ಜಿಲ್ಲೆಯ ರೋಂತಿ ಶಿಖರದಿಂದ ಬಂಡೆ, ಮಂಜುಗಡ್ಡೆಯ ಭಾರೀ ಪಾಲು ಕುಸಿದು ಕೆಳಗಿನ ಕಣಿವೆಯಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಮರುವರ್ಷ ಜುಲೈ 3ರಂದು ಇಟಲಿಯ ಮಾರ್ಮೊಲಾಡಾ ಹಿಮನದಿಯ ಒಂದು ಭಾಗ ಮುರಿದು 11 ಆರೋಹಿಗಳು ಸತ್ತರು. ಅದು ಜನ ದಿನನಿತ್ಯ ಹತ್ತುತ್ತಿದ್ದ ದಾರಿ. ಹಿಂದಿನ ದಿನ ತುದಿಯಲ್ಲಿ 10 ಡಿಗ್ರಿ ಉಷ್ಣತೆ ದಾಖಲಾಗಿತ್ತು.

ಬಂಗಾಳ ಕೊಲ್ಲಿಯ ಚಂಡಮಾರುತವೂ ಹಿಮವಾಗಿ ಬಂದು ಬೀಳುತ್ತದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ನೆಲ ಮುಟ್ಟಿದ ಹುಡ್‌ಹುಡ್, ಎರಡು ದಿನದ ಬಳಿಕ ನೇಪಾಳದ ಅನ್ನಪೂರ್ಣ ಚಾರಣದ ದಾರಿಯಲ್ಲಿ ಹಿಮ ಸುರಿದು ಕನಿಷ್ಠ 43 ಜನರನ್ನು ಕೊಂದಿತು. ಅಕ್ಟೋಬರ್ ಅಲ್ಲಿ ಒಳ್ಳೆಯ ಹವೆಯ ತಿಂಗಳೆಂದು ಹೆಸರಾದದ್ದು. 2021ರ ಅಕ್ಟೋಬರ್ ನಡುವಿನಲ್ಲೂ ಹರ್ಸಿಲ್‌ನಿಂದ ಚಿತ್ಕುಲ್‌ಗೆ ಲಮ್ಖಾಗಾ ಪಾಸ್ ದಾಟಲು ಹೊರಟ ಚಾರಣಿಗರನ್ನು ಅಕಾಲದ ಹಿಮ ಬಲಿ ತೆಗೆದುಕೊಂಡಿತು.

ಗೈಡ್‌ನ ಅನುಭವ ಎಂಬುದು ಕಳೆದ ವರ್ಷಗಳ ನೆನಪು: ಈ ತಿಂಗಳಲ್ಲಿ ಈ ಇಳಿಜಾರು ಗಟ್ಟಿ, ಹತ್ತು ಗಂಟೆಯವರೆಗೆ ಹಿಮ ಮೆತ್ತಗಾಗದು, ಈ ವಾರ ಗಾಳಿ ಏಳದು. ನಮ್ಮ ಅಡಿಕೆ ತೋಟದವರು ಮೃಗಶಿರ, ಆರಿದ್ರ ಮಳೆಗಳ ಲೆಕ್ಕ ಹಿಡಿದು ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ಮಳೆ ತನ್ನ ನಕ್ಷತ್ರ ತಪ್ಪಿಸಿದ ವರ್ಷಗಳಲ್ಲಿ ಆ ಲೆಕ್ಕ ನೆಚ್ಚಿದವರ ತೋಟಕ್ಕೆ ಕೊಳೆ ಬಂತು. ಇಲ್ಲಿ ಹೋದದ್ದು ಒಂದು ವರ್ಷದ ಫಸಲು. 5,000 ಮೀಟರ್ ಎತ್ತರದಲ್ಲಿ ಲೆಕ್ಕ ತಪ್ಪಿದರೆ ಮರುವರ್ಷ ಸರಿಪಡಿಸಿಕೊಳ್ಳಲಾಗದು.

ಗೈಡ್ ಮಾಡಬಲ್ಲದ್ದು, ಮಾಡಲಾರದ್ದು

ಒಳ್ಳೆಯ ಗೈಡ್ ಇದ್ದರೆ ಅಪಾಯ ಕಡಿಮೆ. ದಾರಿ ತಪ್ಪುವುದು, ಹಗ್ಗದ ಗಂಟು ತಪ್ಪುವುದು, ಬಿರುಕಿಗೆ ಬೀಳುವುದು, ಇವುಗಳಿಂದ ಆತ ಕಾಪಾಡುತ್ತಾನೆ. ಪ್ರತಿವರ್ಷ ಸಾವಿರಾರು ಜನ ಕ್ಷೇಮವಾಗಿ ಹೋಗಿ ಬರುತ್ತಾರೆ ಎಂಬುದೂ ನಿಜ. ಆದರೆ ಗೈಡ್‌ಗಳ ಜಗತ್ತಿನ ದೊಡ್ಡ ಹೆಸರುಗಳೇ ಪರ್ವತದಲ್ಲಿ ಉಳಿದ ದಾಖಲೆಯೂ ಇದೆ. 1996ರ ಮೇ 10ರಂದು ಎವರೆಸ್ಟ್ ಏರಿದ ಎರಡು ವಾಣಿಜ್ಯ ತಂಡಗಳ ನಾಯಕರಾದ ರಾಬ್ ಹಾಲ್, ಸ್ಕಾಟ್ ಫಿಶರ್ ಇಬ್ಬರೂ ಇಳಿಯಲಾಗದೆ ಸತ್ತರು. ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ಹಿಂದಿರುಗಬೇಕಿತ್ತು. ಎರಡಾದ ಮೇಲೂ ಜನ ಹತ್ತುತ್ತಲೇ ಇದ್ದರು. 2019ರ ಮೇ ತಿಂಗಳಲ್ಲಿ ನಂದಾದೇವಿ ಪೂರ್ವದ ಬಳಿ, ದಶಕಗಳ ಅನುಭವದ ಬ್ರಿಟಿಷ್ ಗೈಡ್ ಮಾರ್ಟಿನ್ ಮೊರಾನ್ ಸೇರಿ ಎಂಟು ಮಂದಿಯನ್ನು ಹಿಮಕುಸಿತ ಕೊಂಡೊಯ್ದಿತು.

ಎವರೆಸ್ಟ್‌ನಲ್ಲಿ 1921ರಿಂದ 2006ರವರೆಗಿನ ಸಾವುಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, 8,000 ಮೀಟರ್ ದಾಟಿದ ಮೇಲೆ ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಶಿಖರ ಮುಟ್ಟಿ ಇಳಿಯುವಾಗ ಸತ್ತದ್ದು ಕಂಡಿತು. ಬದುಕಿದವರಿಗಿಂತ ಅವರು ತುದಿ ಮುಟ್ಟಿದ್ದು ತಡವಾಗಿ. 2020ರ ಇನ್ನೊಂದು ಅಧ್ಯಯನ 1990–2005 ಮತ್ತು 2006–2019ರ ಆರೋಹಿಗಳನ್ನು ಹೋಲಿಸಿತು. ಶಿಖರ ಮುಟ್ಟುವವರ ಪ್ರಮಾಣ ಮೂರನೇ ಒಂದರಿಂದ ಮೂರನೇ ಎರಡಕ್ಕೆ ಏರಿದೆ. ಸಾವಿನ ಪ್ರಮಾಣ ಶೇ. 1ರ ಆಸುಪಾಸಿನಲ್ಲೇ ನಿಂತಿದೆ. ಒಳ್ಳೆಯ ಬಟ್ಟೆ, ಒಳ್ಳೆಯ ಮುನ್ಸೂಚನೆ, ಹೆಚ್ಚು ಹಗ್ಗ ಇವೆಲ್ಲ ಜನರನ್ನು ಮೇಲೆ ಒಯ್ಯಲು ಹೆಚ್ಚು ನೆರವಾದವು, ಕಾಪಾಡಲು ಅಷ್ಟಾಗಿ ಅಲ್ಲ. ಪ್ರಮಾಣ ಹಾಗೇ ಉಳಿದು ಹೋಗುವವರ ಸಂಖ್ಯೆ ಏರಿದರೆ ಸಾಯುವವರ ಸಂಖ್ಯೆ ಏರಲೇಬೇಕು. ನನ್ನ ಎಚ್ಚರಿಕೆಯ ಹಿಂದಿರುವುದು ಇಷ್ಟೇ ಗಣಿತ. ಎವರೆಸ್ಟ್‌ಗೆ ಹೋಲಿಸಿದರೆ ನಮ್ಮವರು ಹೋಗುವ ಚಾರಣ, ಸಣ್ಣ ಶಿಖರಗಳ ಅಪಾಯ ಎಷ್ಟೋ ಕಡಿಮೆ. ಗಣಿತದ ದಿಕ್ಕು ಮಾತ್ರ ಒಂದೇ.

ಹಣದ ಸಂಗತಿಯನ್ನೂ ಹೇಳಬೇಕು. ತಿಂಗಳುಗಟ್ಟಲೆ ಕೂಡಿಟ್ಟ ಹಣ ತೆತ್ತು ಬಂದವರು ತುದಿ ಕಾಣುವ ಹೊತ್ತಿಗೆ ಹಿಂದಿರುಗಲು ಒಪ್ಪುವುದಿಲ್ಲ. ಶಿಖರ ಮುಟ್ಟಿಸದ ಗೈಡ್‌ಗೆ ಮುಂದಿನ ಸಲ ಗಿರಾಕಿ ಸಿಗುವುದಿಲ್ಲ. ಬೇಡ ಎನ್ನಬೇಕಾದವನ ಅನ್ನ, ಹೌದು ಎನ್ನುವುದರಲ್ಲಿದೆ. ಆ ಅನ್ನಕ್ಕಾಗಿ ಮೊದಲು ಸಾಯುವವರೂ ಹಲವು ಸಲ ಅವರೇ. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಸತ್ತ 16 ಮಂದಿಯೂ ಪರರಿಗಾಗಿ ದಾರಿ ಮಾಡುತ್ತ, ಹೊರೆ ಹೊರುತ್ತ ಇದ್ದ ನೇಪಾಳಿ ಕೆಲಸಗಾರರು.

ಮುಂಗಡ ಕೊಡುವ ಮೊದಲು

ಹಿಂದಿರುಗುವ ನಿರ್ಧಾರವನ್ನು ತುದಿಯ ಬಳಿ ತೆಗೆದುಕೊಳ್ಳುವುದು ಕಷ್ಟ. ಅಲ್ಲಿ ಮಿದುಳಿಗೆ ಆಮ್ಲಜನಕ ಸಾಲದು, ಆಸೆಗೆ ಮಾತ್ರ ಕೊರತೆಯಿಲ್ಲ. ಆದ್ದರಿಂದ ಆ ನಿರ್ಧಾರ ಮನೆಯಲ್ಲೇ, ಮುಂಗಡ ಕೊಡುವ ಮೊದಲೇ ಆಗಬೇಕು. ಕರೆದೊಯ್ಯುವ ಸಂಸ್ಥೆಯನ್ನು ಕೇಳಬೇಕು: 3,000 ಮೀಟರ್ ಮೇಲೆ ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಎಷ್ಟು, ವಿರಾಮದ ದಿನ ಯಾವುದು, ಹವೆಗಾಗಿ ಕಾಯಲು ಎಷ್ಟು ದಿನ ಇಟ್ಟಿದ್ದೀರಿ, ಶಿಖರದ ದಿನ ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೀರಿ, ಒಬ್ಬರು ಕಾಯಿಲೆ ಬಿದ್ದರೆ ಅವರೊಂದಿಗೆ ಇಳಿಯಲು ಬೇರೆ ಗೈಡ್ ಇದ್ದಾರೆಯೇ? ಉತ್ತರಗಳು ಬರಹದಲ್ಲಿ ಬರಬೇಕು. ಕೊಡಲು ಹಿಂಜರಿಯುವವರಿಗೆ ಹಣ ಕೊಡಬಾರದು. ಭಾರತದಲ್ಲಿ ಉಪಗ್ರಹ ಫೋನ್ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕು. ಅದಿಲ್ಲದ ತಂಡಕ್ಕೆ ಸಿಗ್ನಲ್ ಸಿಗುವ ಜಾಗ ಎಷ್ಟು ಗಂಟೆಯ ದೂರ ಎಂಬುದನ್ನೂ ಕೇಳಬೇಕು. ಹವಾಮಾನ ಇಲಾಖೆಯ ಮುನ್ಸೂಚನೆ, ಡಿಆರ್‌ಡಿಒ ಅಡಿಯ ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹೊರಡಿಸುವ ಹಿಮಕುಸಿತದ ಎಚ್ಚರಿಕೆ ತಂಡಕ್ಕೆ ದಿನವೂ ಯಾರ ಮೂಲಕ ಮುಟ್ಟುತ್ತವೆ ಎಂಬುದು ಕೊನೆಯ ಪ್ರಶ್ನೆ.

ಸರ್ಕಾರದ ಕೆಲಸವೂ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಸಾಗರ ಸೇರಿದಾಗ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಹಾಗೆಯೇ ಹಿಮಾಲಯಕ್ಕೆ ಕರ್ನಾಟಕದಿಂದ ಜನರನ್ನು ಒಯ್ಯುವ ಸಂಘ ಸಂಸ್ಥೆಗಳು ಹೊರಡುವ ಮುನ್ನ ತಂಡದ ಪಟ್ಟಿ, ದಿನಚರಿ, ವಿಮೆಯ ವಿವರ ಸಲ್ಲಿಸಬೇಕೆಂಬ ನಿಯಮ ಮಾಡುವುದು ಕಷ್ಟವೇನಲ್ಲ. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವುದನ್ನು ಕಲಿಸುವಂತೆ, ಎತ್ತರದ ಕಾಯಿಲೆ ಗುರುತಿಸುವುದನ್ನೂ ಹಿಂದಿರುಗುವುದನ್ನೂ ಕಲಿಸಬಹುದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಾಲೇಜುಗಳಲ್ಲಿ ಒಂದು ದಿನದ ಶಿಬಿರ ನಡೆಸಿದರೂ ಆರಂಭವಾದಂತೆ.

ಹಿಮಾಲಯ ನೋಡಬೇಕೆಂಬ ಆಸೆಯನ್ನು ತಡೆಯುವ ಉದ್ದೇಶ ಈ ಬರಹಕ್ಕಿಲ್ಲ. ಶಿಖರವೇ ಬೇಕೆನ್ನುವವರು ಉತ್ತರಕಾಶಿಯಲ್ಲೋ ಡಾರ್ಜಿಲಿಂಗ್‌ನಲ್ಲೋ ಸುಮಾರು ನಾಲ್ಕು ವಾರಗಳ ಮೂಲ ತರಬೇತಿ ಪಡೆದು ಹೋಗಲಿ. ಅಷ್ಟು ರಜೆ ಸಿಗದವರಿಗೆ 3,500 ಮೀಟರ್‌ನೊಳಗೆ ನಡೆಯಬಹುದಾದ ಸುಂದರ ಕಣಿವೆಗಳು ಬೇಕಾದಷ್ಟಿವೆ. ಒಂಬತ್ತೇ ದಿನ ಇರುವವರು ಒಂಬತ್ತು ದಿನಕ್ಕೆ ತಕ್ಕ ಎತ್ತರವನ್ನು ಆರಿಸಿಕೊಳ್ಳಬೇಕು. ರಜೆ ಸಾಲದಿದ್ದರೆ ಇಳಿಸಬೇಕಾದದ್ದು ಎತ್ತರವನ್ನು, ದಿನಗಳನ್ನಲ್ಲ.